ಇತರೆ

ಫೆಬ್ರವರಿ ಮುಗಿಯುತ್ತಿದ್ದಂತೆ ಬರತೊಡಗುತ್ತವೆ,
ಬಾಡಿಗೆ ಸ್ಕೂಟರಿನಲ್ಲಿ, ಕಾಲ ಸಂದಿಯಲ್ಲಿ,
ತರಕಾರಿ ಚೀಲದೊಳಗೆ ಕೂತು.
ಯೋಗ ಮುಗಿಸಿ ಊರಿಗೆ ಹೊರಟವರ ಪೆಟ್ಟಿಗೆ
ಇಪ್ಪತ್ಮೂರು ಕಿಲೋ ದಾಟಕೂಡದಂತೆ.
ಗಂಧದ ಸೋಪು ಹೋಗಲೇಬೇಕು,
ಹಿತ್ತಾಳೆ ಗಣಪ ಹೋಗಲೇಬೇಕು,
ಓದಿ ಮುಗಿದದ್ದು ಇಲ್ಲೇ ಉಳಿಯಬೇಕು.

"ಲೈಬ್ರರಿ?" ಅನ್ನುತ್ತಾರೆ, ಚಪ್ಪಲಿ ಹೊರಗೆ ಬಿಟ್ಟು.
ನಾವೇ ಬಿಡುವುದಿಲ್ಲ ಇಲ್ಲಿ ಚಪ್ಪಲಿ.

ಗೋಕುಲಂ ಶಾಖೆಯೆಂದರೆ ಎರಡು ಕೋಣೆ, ಒಂದು ಫ್ಯಾನು,
ಆರು ದಿನಪತ್ರಿಕೆ, ಅವಕ್ಕೆ ಸರದಿ ಕಾಯುವ ಒಂಬತ್ತು ಜನ.
ಮತ್ತು ನಾನು.
ಹೆಸರು ದೇವಾಜಮ್ಮಣ್ಣಿ, ಕೆಲಸ ದಿನಗೂಲಿ.

ಬಂದದ್ದನ್ನು ದಾಖಲೆಗೆ ಏರಿಸಬೇಕು:
ಸಂಖ್ಯೆ, ಶೀರ್ಷಿಕೆ, ಬರೆದವರು, ಬೆಲೆ, ಭಾಷೆ.
ಭಾಷೆಗೆ ಇಲಾಖೆ ಕೊಟ್ಟಿರುವುದು ಐದೇ ಮನೆ,
ಕನ್ನಡ, ಇಂಗ್ಲಿಷ್, ಹಿಂದಿ, ಉರ್ದು, ಇತರೆ.
ಅಕ್ಷರದ ತಲೆ ಮೇಲೆ ಎರಡು ಚುಕ್ಕಿ ಇದ್ದರೆ ಇತರೆ.
ಕೆಳಗೆ ಬಾಲ ಇದ್ದರೂ ಇತರೆ.
ಬೆಲೆ ತಿಳಿಯದಿದ್ದರೆ ಒಂದು ರೂಪಾಯಿ ಬರೆ
ಎಂದಿದ್ದಾರೆ ಮೇಲಿನವರು. ಬರೆಯುತ್ತೇನೆ.

ಕೊಡವಿದರೆ ಏನೇನೋ ಉದುರುತ್ತದೆ:
ಯಾವ ಕಡಲಿನದೋ ಮರಳು,
ಉದ್ದನೆಯ ಜೋಳದ ಬಣ್ಣದ ಕೂದಲು,
ಎಳನೀರಿನವನಿಗೆ ಕೊಡಬೇಕಾದ ಬಾಕಿಯ ಲೆಕ್ಕ.
ನೂರಾ ಹನ್ನೆರಡನೇ ಪುಟದಲ್ಲಿ ಚಪ್ಪಟೆಯಾದ ಒಂದು ಸೊಳ್ಳೆ,
ಅದೊಂದು ಮಾತ್ರ ನಮ್ಮೂರಿನದು.

ಗುರುಮಲ್ಲಾರಾಧ್ಯರು ಪತ್ರಿಕೆ ಮಡಿಸಿಟ್ಟು ಎದ್ದು ಬರುತ್ತಾರೆ.
ಮೂವತ್ತನಾಲ್ಕು ವರ್ಷ ರಾತ್ರಿ ರೈಲಿನ ಅಂಚೆ ಡಬ್ಬಿಯಲ್ಲಿ
ನಿಂತೇ ಕಾಗದ ವಿಂಗಡಿಸಿದವರು.
ಪುಸ್ತಕ ತೆರೆಯುವುದಿಲ್ಲ, ಅಂಗೈಯಲ್ಲಿಟ್ಟು ತೂಗುತ್ತಾರೆ.
"ವಿಳಾಸದಾರ ಸಿಗದ ಟಪಾಲು ಕಣಮ್ಮ ಇದು.
ಹಿಂದಕ್ಕೂ ಕಳಿಸೋ ಹಾಗಿಲ್ಲ, ರದ್ದಿಗೂ ಹಾಕೋ ಹಾಗಿಲ್ಲ.
ಇಟ್ಟಿರು."

ಇಟ್ಟಿದ್ದೆ, ಕಿಟಕಿಯ ಕೆಳಗಿನ ಕೊನೆಯ ಸಾಲಿನಲ್ಲಿ,
ಮಧ್ಯಾಹ್ನದ ಬಿಸಿಲು ಮಾತ್ರ ಬಗ್ಗಿ ನೋಡುವ ಕಡೆ.

ಕಳೆದ ಡಿಸೆಂಬರಿನಲ್ಲಿ ಒಬ್ಬ ಹೆಂಗಸು ಬಂದಳು,
ಅರವತ್ತರ ಆಸುಪಾಸು,
ಯಾವುದೋ ಆಸನದಲ್ಲಿ ಉಳುಕಿದ ಕಾಲಿಗೆ ಪಟ್ಟಿ.
ಕೊಡಲು ಬಂದವಳಲ್ಲ, ಕೈ ಬರಿದಾಗಿತ್ತು.
ನೆಲದ ಮೇಲೆ ಕಾಲು ನೀಡಿ ಕೂತು
ಬೆನ್ನುಗಳ ಮೇಲೆ ಬೆರಳಾಡಿಸುತ್ತಾ ಹೋದವಳು
ನೀಲಿಯದೊಂದರ ಹತ್ತಿರ ನಿಂತಳು. ಎಳೆದಳು.
ನಡುವೆ ಎಲ್ಲೋ ತೆರೆದಳು.

ನಕ್ಕಳು.
ಮೊದಲು ಮೂಗಿನಲ್ಲಿ, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದು,
ಆಮೇಲೆ ಕೈಯನ್ನೂ ಬಿಟ್ಟು.
ಪತ್ರಿಕೆಗಳೆಲ್ಲ ಒಟ್ಟಿಗೆ ಕೆಳಗಿಳಿದವು.

ಮೂರು ವರ್ಷ ಧೂಳು ಹೊಡೆದಿದ್ದೆ ಅದಕ್ಕೆ,
ನಗೆಯ ಪುಸ್ತಕವೆಂದು ಗೊತ್ತೇ ಇರಲಿಲ್ಲ.
ಹೊದಿಕೆಯ ಮೇಲೆ ಬೋಳು ಮರ, ಮಂಜು.
ಒಳಗೆ ಯಾರೋ ಸತ್ತಿದ್ದಾರೆ ಅಂದುಕೊಂಡಿದ್ದೆ,
ಒರೆಸುವಾಗ ಮೆಲ್ಲಗೆ ಒರೆಸುತ್ತಿದ್ದೆ.

ಏನು ಅಂತ ಕೇಳಿದೆ.
ಅವಳ ಇಂಗ್ಲಿಷು, ನನ್ನ ಇಂಗ್ಲಿಷು, ನಡುವೆ ಕೈಸನ್ನೆ:
ಒಂದು ಹಸು, ಒಬ್ಬ ಪಾದ್ರಿ, ಒಂದು ಮಂಚ.
ಅಷ್ಟೇ ದಾಟಿ ಬಂದದ್ದು.

ಸದಸ್ಯತ್ವಕ್ಕೆ ವಿಳಾಸದ ಪುರಾವೆ ಬೇಕು, ಜಾಮೀನು ಬೇಕು.
ನನ್ನ ಕಾರ್ಡಿನಲ್ಲೇ ಕೊಟ್ಟೆ.
ಒಳಗಿನ ಖಾಲಿ ಚೀಟಿಗೆ ಮೊದಲ ಠಸ್ಸೆ,
ಶಾಯಿ ಆರುವಷ್ಟು ಹೊತ್ತು ಊದಿದಳು ಅವಳೇ.

ಹದಿನೈದು ದಿನ ಆಯಿತು. ತಿಂಗಳಾಯಿತು.
ಬಾಡಿಗೆ ಮನೆಯವರು ಅಂದರು,
ಕಾಲು ವಾಸಿಯಾಗಲಿಲ್ಲ, ಬೇಗ ಹೊರಟುಬಿಟ್ಟರು.

ಮಾರ್ಚಿನಲ್ಲಿ ದಾಸ್ತಾನು ಪರಿಶೀಲನೆ.
ಒಂದು ಇತರೆ ಕಡಿಮೆ.
ಹರಿದಿದೆಯೋ, ಕಳೆದಿದೆಯೋ? ಎರಡೇ ಮನೆ ಅಲ್ಲಿ.
"ಬಟವಾಡೆ ಆಗಿದೆ ಅಂತ ಬರಿ" ಅಂದರು ಆರಾಧ್ಯರು
ಪತ್ರಿಕೆಯಿಂದ ತಲೆಯೆತ್ತದೆ.
ಹಾಗೆ ಬರೆಯಲು ಬರುವುದಿಲ್ಲ.
ಕಳೆದಿದೆ ಎಂದು ಬರೆದು
ಬೆಲೆ ಒಂದು ರೂಪಾಯಿ ನಾನೇ ಕಟ್ಟಿ
ನನಗೆ ನಾನೇ ರಸೀದಿ ಹರಿದುಕೊಂಡೆ.

ಸಂಜೆ ಬಸ್ಸಿನಲ್ಲಿ,
ಹಸು, ಪಾದ್ರಿ, ಮಂಚ,
ನಗು ಬಂದುಬಿಟ್ಟಿತು.
ಪಕ್ಕದವಳು ಸೆರಗು ಎಳೆದುಕೊಂಡು
ಸ್ವಲ್ಪ ಸರಿದು ಕೂತಳು.