ಟೋಕನ್ ಹದಿನೇಳು

ಹಾಸನದ ದೊಡ್ಡಾಸ್ಪತ್ರೆ, ಎರಡನೇ ಮಹಡಿ.
ಚೀಟಿಯ ಬೆನ್ನಿಗೆ ಡಾಕ್ಟರು ಗೆರೆ ಎಳೆದರು:
ಏರು, ಇಳುಕಲು, ಮತ್ತೆ ಏರು.
‘ಬೈಪೋಲಾರ್ ಅಂತಾರೆ ಇದಕ್ಕೆ.’
ನನಗೆ ಕಂಡದ್ದು ಜಿಗ್‌ಜ್ಯಾಗ್ ಹೊಲಿಗೆ,
ದಾರ ಬಿಗಿಯಾಗಿ ಬಟ್ಟೆ ಸುಕ್ಕುಗಟ್ಟುವಂಥದ್ದು.

ಯುಗಾದಿಗೆ ಮೂರು ರಾತ್ರಿ ಕಣ್ಣು ಮುಚ್ಚದೆ
ನಲವತ್ತೊಂದು ರವಿಕೆ ಹೊಲಿದೆ,
ಅಳತೆ ಕೊಟ್ಟವರಿಲ್ಲ.
ಮಿಷನ್ನು ಬಿಸಿಯಾಗಿತ್ತು, ನಾನೂ.
ಆಲೂಗಡ್ಡೆ ಬಿತ್ತನೆ ಹೊತ್ತಿಗೆ
ಸೂಜಿಗೆ ದಾರ ಪೋಣಿಸಲೂ
ಕೈ ಏಳಲಿಲ್ಲ.
‘ಕಣ್ಣು ಬಿದ್ದಿದೆ’ ಅಂದಳು ಅತ್ತಿಗೆ ಜಯಶೀಲಿ,
ಮೆಣಸಿನಕಾಯಿ ಸುಟ್ಟಳು.
ಘಾಟಿಗೆ ಕೆಮ್ಮಿದೆ. ಅಷ್ಟೆ.

‘ಲಿಥಿಯಂ. ಒಂದು ಥರದ ಉಪ್ಪು.
ನೀರು ಚೆನ್ನಾಗಿ ಕುಡೀರಿ.
ಸೋಮವಾರ ರಕ್ತ ನೋಡೋಣ.’
‘ಎಷ್ಟು ದಿನ, ಮೇಡಂ?’
ದಿನ ಹೇಳಲಿಲ್ಲ, ವರ್ಷ ಅಂದರು.

ಎದ್ದವಳು ಮತ್ತೆ ಕೂತೆ:
‘ಆ ರವಿಕೆಗಳನ್ನ ಹೊಲಿದದ್ದು ಯಾರು?
ನಾನಾ, ಅದಾ?’

ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಹಾಕಿ,
‘ಒಂದಾದರೂ ಬಿಚ್ಚಿಹೋಗಿದೆಯಾ?’
‘ಇಲ್ಲ.’
‘ಹಾಗಾದರೆ ಕೈ ನಿಮ್ಮದೇ.’

ಹೊರಗೆ ಹದಿನೆಂಟು ಕೂಗಿದರು.
ಅವರ ಬಿಳಿ ಕೋಟಿನ ತೋಳಂಚು
ಬಿಟ್ಟುಕೊಂಡಿತ್ತು; ಹೇಳಲಿಲ್ಲ.
ಸೋಮವಾರ ರಕ್ತಕ್ಕೆ ಅವರ ಸೂಜಿ.
ಪರ್ಸಿನಲ್ಲಿ ನನ್ನದೂ ಒಂದಿರಲಿ,
ಬಿಳಿ ದಾರ ಪೋಣಿಸಿ.