ಗಿರಣಿ ಲೆಕ್ಕ

ಗಣತಿಗೆ ಬಂದ ಕಾಶಿರಾಯ ಮಾಸ್ತರ
ನಮ್ಮ ಗಿರಣಿ ಕಟ್ಟಿ ಮ್ಯಾಲ ಕುಂತು ಬೆವರು ಒರೆಸಿಕೊಂಡ.
‘ಲಾಡ್ಲೇಸಾಬ, ಅರವತ್ತೊಂದು ಮನಿಗೆ ಬೀಗ.
ಹೋದ ಸಲ ಒಂಬೈನೂರು ತಲೆ ಇದ್ದವು,
ಈ ಸಲ ಆರುನೂರು ದಾಟೂದಿಲ್ಲ.’

ನನಗ ತಲೆ ಲೆಕ್ಕ ಬರೂದಿಲ್ಲ. ನಂದು ಹಿಟ್ಟಿನ ಲೆಕ್ಕ.
ಡಬ್ಬಿ ಎತ್ತಿದರ ಸಾಕು, ತಿಳೀತದ
ಆ ಮನ್ಯಾಗ ಎಷ್ಟು ಬಾಯಿ,
ಮಗಳು ಹೆರಿಗಿಗೆ ಬಂದಾಳೋ,
ಮುನಿಸಿಕೊಂಡು ಹೋದ ಸೊಸಿ ತಿರುಗಿ ಬಂದಳೋ.
ಯಾರನ್ನೂ ಕೇಳಿದವನಲ್ಲ.

ಫರಸಿ ಖಣಿ ನಡೀತಿದ್ದಾಗ
ನಸುಕಿನ್ಯಾಗ ಹಾಕಿದ ಬೆಲ್ಟು ರಾತ್ರಿ ಒಂಬತ್ತಕ್ಕ ತೆಗೀತಿದ್ದೆ.
ಕಲ್ಲು ಎಬ್ಬಿಸೋ ಮಂದಿ ರೊಟ್ಟಿ ಎಣಿಸಿ ತಿನ್ನೂದಿಲ್ಲ.
ಕೈಯಾಗ ರೊಕ್ಕ ಮಾತ್ರ ಇರತಿರಲಿಲ್ಲ,
ಪಾವಲಿ ಬದಲು ಒಂದು ಬೊಗಸಿ ಹಿಟ್ಟು ನನ್ನ ಪುಟ್ಟಿಗೆ.
ಜೋಳ, ಸಜ್ಜಿ, ಒಮ್ಮೊಮ್ಮೆ ಯಾರದೋ ಗೋಧಿ, ಎಲ್ಲಾ ಕೂಡಿದ ಹಿಟ್ಟು.
ಅದನ್ನ ತಿಂದೇ ನನ್ನ ಮೂರು ಮಕ್ಕಳು ಬೆಳದರು.

ಆಮ್ಯಾಲ ಶಹರದ ಮನಿಗಳಿಗೆ ಮಿಂಚೋ ಟೈಲ್ಸ್ ಬಂದವು.
ಖಣಿಯಾಗ ನೀರು ನಿಂತಿತು, ಹಸುರು, ಆಳ;
ಎಮ್ಮಿಗಳಿಗೆ ಭಾಳ ಅನುಕೂಲ ಆತು.
ತುಳಜಪ್ಪನ ಮನಿ ಮಂದಿ ಪುಣೆಕ್ಕ,
ಮಶಾಕನ ಅಣ್ಣತಮ್ಮರು ಹೈದರಾಬಾದಿಗೆ, ಸೆಂಟ್ರಿಂಗ್ ಕೆಲಸಕ್ಕ.
ಒಂದೊಂದೇ ಡಬ್ಬಿ ಬರೂದು ಬಿಟ್ಟಿತು.
ಗಿರಣಿಯವನಿಗೆ ಯಾರು ಹೇಳಿ ಹೋಗತಾರ?
ಒಂದು ಸೋಮವಾರ ಮೂರಕ್ಕೇ ಬೆಲ್ಟು ತೆಗೆದು,
ಏನು ಮಾಡಬೇಕೋ ತಿಳೀದೆ
ಹಿಟ್ಟು ಮೆತ್ತಿದ ಬಲ್ಬು ಒರೆಸಿದೆ.
ಅಷ್ಟು ಬೆಳಕು ಬೇಕಾಗಿರಲಿಲ್ಲ.

ಮಾಸ್ತರ ಗಳಿಕಿ ಕಾಲಮ್ಮಿಗೆ ಬಂದ.
‘ಒಂದು ಮಾತು ನನಗ ತಿಳೀವಲ್ದು ನೋಡು.
ತಲೆಗೆ ಇಷ್ಟು ಅಂತ ಹಿಡಿದರ
ಗಳಿಕಿ ಆಗಿನಕಿಂತ ಎರಡು ಪಟ್ಟು.
ಬಡವರು ಎದ್ದು ಹೋದರು, ಊರು ಸಾವುಕಾರ ಆತು!’
ಅಂವ ನಕ್ಕ. ನಾನೂ ನಕ್ಕೆ.
ಆಮ್ಯಾಲ ಇಬ್ಬರೂ ಒಂದಿಷ್ಟೊತ್ತು ಖಣಿ ಕಡೆ ನೋಡಿದೆವು.

ಅಷ್ಟರಾಗ ಚಂದಮ್ಮನ ಟಂಟಂ ಬಂತು, ನಾಲ್ಕು ಚೀಲ ಬಿಳಿಜೋಳ.
ಖಣಿಯ ಹಳೇ ಆಫೀಸಿನ್ಯಾಗ ಹನ್ನೊಂದು ಹೆಂಗಸರು
ದಿನಾ ಎರಡು ಸಾವಿರ ಖಡಕ ರೊಟ್ಟಿ ಬಡೀತಾರ.
ಮೊದಲು ಕೂಲಿ ಹಂಚತಿದ್ದ ಅದೇ ಕಿಟಕ್ಯಾಗ
ಈಗ ಪಾಕೀಟು ಎಣಿಸಿ ಹೊರಗ ಕೊಡತಾರ.
ತೂಕ ಕೇಳಿದರ ನಮ್ಮೂರು ಇಷ್ಟು ದೊಡ್ಡದು ಎಂದೂ ಇರಲಿಲ್ಲ.
ಚೀಲ ಅಷ್ಟು ಭಾರ, ಓಣಿ ಇಷ್ಟು ಹಗುರ.

ಮೊನ್ನೆ ತುಳಜಪ್ಪನ ಫೋನು.
ಎಂಟು ವರ್ಷ ಆಗಿತ್ತು ಅವನ ದನಿ ಕೇಳಿ.
ಆರಾಮಾ, ಊರು ಹ್ಯಾಂಗದ, ಒಂದೂ ಇಲ್ಲ.
‘ಇಲ್ಲಿ ಅಂಗಡ್ಯಾಗ ರೊಟ್ಟಿ ಪಾಕೀಟು ತಗೊಂಡೆ.
ಲಾಡ್ಲೇ, ಕಲ್ಲಿಗೆ ಟಾಕಿ ಹೊಡೆದು ಎಷ್ಟು ದಿನ ಆತೋ?
ಹಿಟ್ಟು ದಪ್ಪ ಬೀಸೀದಿ.’

ಮರುದಿನ ಮುಂಜಾನೆ ಕಲ್ಲು ಇಳಿಸಿ ಹೊಡೆದೆ.
ಉಳಿ ಅವನದೇ, ಹೋಗುವಾಗ ಬಿಟ್ಟು ಹೋದದ್ದು.

ಇದನ್ನೆಲ್ಲಾ ಮಾಸ್ತರಗ ಹೇಳಿದೆ.
ಪೆನ್ನು ಮುಚ್ಚಲಿಲ್ಲ ಅಂವ. ಏನೋ ಕೇಳಿದ.
ಯಾವ ಊರಾಗ ಬರೀಲಿ ಅಂದನೋ,
ನಿನ್ನ ಗಳಿಕಿ ಎಷ್ಟು ಅಂದನೋ.
ಬೆಲ್ಟು ಹಾಕಿಬಿಟ್ಟಿದ್ದೆ, ತುಟಿ ಅಷ್ಟೇ ಕಂಡವು.
ಅವನ ವಹಿ ಮ್ಯಾಲ, ಕನ್ನಡಕದ ಮ್ಯಾಲ
ಸಣ್ಣಗ ಹಿಟ್ಟು ಕೂಡತಿತ್ತು.