ಹತ್ತು ಲಾರಿ ಬಾಡಿಗೆ

ಲಾರಿ ಎಂದರೆ ಅಲ್ಲಿ ಗಾಡಿಯಲ್ಲ, ದುಡ್ಡು.
ತಿಂಗಳಿಗೆ ಹತ್ತು ಲಾರಿ ಕೊಟ್ಟು
ನಜಿಬ್ರೋಲಾ ಹಿಡಿದಿದ್ದಾಳೆ
ಯಾವುದೋ ಊರಿನ ಯಾವುದೋ ಯಂತ್ರದೊಳಗೆ
ಒಂದು ಮೂಲೆ.
ಜಾರ್ಜಿಯಾ, ಕಾಕಸಸ್ಸಿನ ತಪ್ಪಲು, ಅಲ್ವಾನಿ.
ಅವಳ ವೆಬ್‌ಸೈಟಿಗೆ ಇರುವುದು ಒಂದೇ ಕೆಲಸ:
ಮೇಲಿನ ಘಾಟಿ ಇವತ್ತು
ತೆರೆದಿದೆಯೋ ಮುಚ್ಚಿದೆಯೋ ಹೇಳುವುದು.

ಕುರಿ ಇಳಿಸುವವರು ನೋಡುತ್ತಾರೆ,
ಚೀಸ್ ಸಾಗಿಸುವವರು ನೋಡುತ್ತಾರೆ,
ಸೂಲಗಿತ್ತಿ ಇಲ್ಲದ ಹಳ್ಳಿಯಲ್ಲಿ
ಬಸುರಿಯ ಗಂಡ ಗಂಟೆಗೆರಡು ಸಲ ನೋಡುತ್ತಾನೆ.

ಅದೊಂದು ವಠಾರ ಅಂದುಕೊಳ್ಳಿ.
ಮುನ್ನೂರು ಸಂಸಾರ, ಒಂದೇ ನಲ್ಲಿ.
ಯಾರ ಮುಖ ಯಾರೂ ಕಂಡಿಲ್ಲ.
ಗೋಡೆಯಾಚೆ ಮದುವೆ ಗೌನು ಮಾರುವವಳೊಬ್ಬಳು
ಶುಕ್ರವಾರ ರಿಯಾಯಿತಿ ಕೂಗಿದಳೋ
ಇವಳ ಪುಟಕ್ಕೆ ಏದುಸಿರು.
ಇನ್ಯಾರೋ ಕಿಡಿಗೇಡಿ ರಾತ್ರಿಯೆಲ್ಲ
ಲಾಟರಿ ಹೊಡೆದಿದೆ ಎಂದು ಲೋಕಕ್ಕೆಲ್ಲ ಮೇಲ್ ಕಳಿಸಿ
ವಿಳಾಸ ಕೆಡಿಸಿದ.
ಒಂದೇ ಹೊಸಿಲು ತುಳಿದ ತಪ್ಪಿಗೆ
ಇವಳ ಪತ್ರಗಳೂ ಎರಡು ವಾರ ಕಸದ ಬುಟ್ಟಿಗೆ.
ದೂರು ಕೊಟ್ಟಳು.
‘ನಿಮ್ಮ ತಾಳ್ಮೆಗೆ ಧನ್ಯವಾದ’
ಎಂದು ಒಂದು ಯಂತ್ರ ಉತ್ತರಿಸಿತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ ನಾವು.
ಇಲ್ಲಿ ಹಾಸಿಗೆಯ ಅಳತೆ ಹೇಳುವವರೇ ಇಲ್ಲ.
‘ಅಪರಿಮಿತ’ ಎಂದು ದಪ್ಪಕ್ಷರದಲ್ಲಿ ಬರೆದು
ಕೆಳಗೆ ಇರುವೆ ಸಾಲಿನಲ್ಲಿ ಷರತ್ತು.
ಕಾಲು ಹೊರಬಿದ್ದದ್ದು ಗೊತ್ತಾಗುವುದು
ಚಳಿ ತಾಗಿದ ಮೇಲೆ.

ಮಂಗಳವಾರ ಅವಳ ಗುಡಿಸುವ ದಿನ.
ಒಲೆಯಿಂದ ತೆಗೆದ ರೊಟ್ಟಿ ಆರಲಿಟ್ಟು ಕೂರುತ್ತಾಳೆ.
ಐದು ಎಂಬಿ ಚಿತ್ರಗಳನ್ನು ತೊಳೆದ ಉಣ್ಣೆಯಂತೆ ಹಿಂಡಿ
ಎಂಬತ್ತು ಕೆಬಿಗೆ ಇಳಿಸುತ್ತಾಳೆ.
ಬಳಸದ ಪ್ಲಗಿನ್ನುಗಳನ್ನು ಬೇರುಸಮೇತ ಕೀಳುತ್ತಾಳೆ.
ಲಾಗ್ ಕಡತ ಎಂದರೆ ಮೂರು ವರ್ಷದ ಹೆಜ್ಜೆಗುರುತು;
ಅಳಿಸುವ ಮುನ್ನ ಒಂದಿಷ್ಟು ಓದುತ್ತಾಳೆ, ಅದೊಂದು ಚಟ:
ನಡುರಾತ್ರಿ ಎರಡು ಹತ್ತಕ್ಕೆ, ದಿನವೂ,
ಯಾರೋ ಸಾಲೊನಿಕಿಯಿಂದ ಬಂದು ನೋಡಿ ಹೋಗುತ್ತಾರೆ.
ಅಲ್ಲಿ ಯಾರದೋ ಮುದುಕಿಯ ಮೈ ಒರೆಸಲು ಹೋದ
ನಮ್ಮೂರವಳೇ ಇರಬೇಕು, ಅಂದುಕೊಳ್ಳುತ್ತಾಳೆ,
ದಾರಿ ತೆರೆದರೂ ಬರಲಾರದವಳು.
ಆ ಸಾಲುಗಳನ್ನು ಮಾತ್ರ ಉಳಿಸುತ್ತಾಳೆ.

ಬ್ಯಾಕಪ್ ಎರಡು.
ಒಂದು ಪೆನ್‌ಡ್ರೈವಿನಲ್ಲಿ, ಅಕ್ರೋಟದ ಡಬ್ಬಿಯೊಳಗೆ.
ಇನ್ನೊಂದು ತಮ್ಮ ಝೆಜ್ವಾನ ಬಳಿ.
ಅವನು ಕಳೆದಿದ್ದಾನೆ. ಒಪ್ಪುವುದಿಲ್ಲ.

ಅಕ್ಟೋಬರ್ ಒಂಬತ್ತು. ಹಿಮ ಹೇಳದೆ ಕೇಳದೆ ಬಂತು.
ಕೆಳಗೆ ನಾನೂರು ಜನ, ಮೇಲೆ ನೂರಿಪ್ಪತ್ತು,
ನಡುವೆ ಎಣಿಸದಷ್ಟು ಕುರಿ.
ಎಲ್ಲರ ಹೆಬ್ಬೆರಳೂ ಒಮ್ಮೆಗೇ ಅದೇ ಬಾಗಿಲಿಗೆ.
ಪುಟ ತಿರುಗಿತು, ತಿರುಗಿತು, ಬಿಳಿಚಿತು:
‘ಮಿತಿ ಮೀರಿದೆ. ಆಮೇಲೆ ಬನ್ನಿ.’

ಆಮೇಲೆ ಎಂದರೆ ಯಾವಾಗ,
ತಿರುವಿನಲ್ಲಿ ಗಾಡಿ ನಿಲ್ಲಿಸಿ ಕೂತವನಿಗೆ?

ಅವಳು ಬೈಯಲಿಲ್ಲ.
ಇಲ್ಲ, ಬೈದಳು. ಪಕ್ಕದ ಮನೆಯ ನಾಯಿ ಎದ್ದಿತು.
ಆಮೇಲೆ ಒಂದೊಂದೇ ಬಿಚ್ಚತೊಡಗಿದಳು:
ನಕ್ಷೆ, ಹವಾಮಾನದ ಮಿನುಗುವ ಚೌಕ,
ತಾನೇ ಆರಿಸಿದ ದ್ರಾಕ್ಷಿ ಬಣ್ಣದ ತಲೆಪಟ್ಟಿ,
ಅಮ್ಮ ತೀರಿದ ವರ್ಷ ಏರಿಸಿದ್ದ ಅಮ್ಮನ ಹಾಡು.
ಬೆರಳು ಅಲ್ಲಿ ಒಂದು ಗಳಿಗೆ ನಿಂತಿತು.
ಅದೂ.
ಡೇಟಾಬೇಸಿನ ಕದವನ್ನೇ ತಟ್ಟದ
ಬೋಳು ಪುಟ. ಬಿಳಿಯ ಮೇಲೆ ಕಪ್ಪು:
‘ಘಾಟಿ ಮುಚ್ಚಿದೆ. ಹೊರಡಬೇಡಿ.
ಹೊರಟವರು ಇದ್ದಲ್ಲೇ ಇರಿ.
ಹಿಮ ಗೋರುವ ಗಾಡಿ ಬೆಳಗ್ಗೆ ಬರುತ್ತದೆ.’

ಅಷ್ಟು ಹಗುರಾದದ್ದನ್ನು ಯಂತ್ರ
ಎತ್ತಿ ಎತ್ತಿ ಕೊಟ್ಟಿತು ಬೆಳತನಕ.
ಗೌನಿನವಳೂ ಮಲಗಿದ್ದಳೋ ಏನೋ.

ಎರಡು ಹತ್ತಕ್ಕೆ
ಸಾಲೊನಿಕಿ ಬಂದು ನೋಡಿ ಹೋಯಿತು.

ಮರುವಾರ ಅಕ್ರೋಟದ ಡಬ್ಬಿ ತೆರೆದು
ಹಾಡನ್ನು ವಾಪಸ್ ಹಾಕಿದಳು,
ಕುಗ್ಗಿಸಿ, ಅರ್ಧ ನಿಮಿಷದಷ್ಟು.
ಬಾಡಿಗೆ ಈಗ ಹನ್ನೆರಡು ಲಾರಿ.